ದೂರದೇಶದ ಸೇವೆಯಲ್ಲಿ ಬಿಡುವಿನ ಸ್ಥಾನ

ಸೇವೆ ಎಂಬುದು ಎರಡಕ್ಷರದ ಮಾತು, ಬಿಡುವು ಎಂಬುದು ಮೂರಕ್ಷರದ ಮಾತು. ಮೊದಲನೆಯದರ ಹಿರಿಮೆಯನ್ನು ಕುರಿತು ನಮ್ಮ ವೇದಿಕೆಗಳಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಎರಡನೆಯದನ್ನು ಕುರಿತು ಮಾತನಾಡುವವರು ವಿರಳ. ಸೇವೆಗೆಂದು ಹೊರಟವನು ತನ್ನ ಬಿಡುವಿನ ಪ್ರಸ್ತಾಪವನ್ನೆತ್ತಿದರೆ, ದಾಸೋಹದ ಪಂಕ್ತಿಯಲ್ಲಿ ಬಡಿಸಲು ನಿಂತವನು ತನ್ನ ಎಲೆ ಎಲ್ಲಿ ಎಂದು ವಿಚಾರಿಸಿದಂತೆ ಕೇಳುವವರ ಕಿವಿಗೆ ಕಟುವಾಗುತ್ತದೆ. ಆದರೆ ಬಡಿಸುವವನಿಗೂ ಹಸಿವುಂಟಷ್ಟೆ. ಎಲ್ಲರೂ ಉಂಡು ಎದ್ದ ಮೇಲೆ ಬಡಿಸಿದವರದೇ ಒಂದು ಪಂಕ್ತಿ ಕೂಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕಡೆಯ ಪಂಕ್ತಿ ಕೂಡದಿದ್ದರೆ ಮರುದಿನದ ದಾಸೋಹಕ್ಕೆ ಬಡಿಸುವ ಕೈಗಳೇ ಇರಲಾರವು.

ನಂದಗುಡಿಯಂಥ ಊರಿನ ವಿದ್ಯಾರ್ಥಿಗಳಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜ. ಒಂದು ಕಾಲದಲ್ಲಿ ನಮ್ಮ ಹೋಬಳಿಯವರಿಗೆ ಹೊಸಕೋಟೆಯ ಸಂತೆ, ಚಿಂತಾಮಣಿಯ ಮಂಡಿ, ಹೆಚ್ಚೆಂದರೆ ಬೆಂಗಳೂರು, ಇಷ್ಟೇ ಪ್ರಪಂಚವಾಗಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಪರದೇಶವೆಂಬುದು ನೆರೆಯ ತಾಲ್ಲೂಕಿನಿಂದಲೇ ಆರಂಭವಾಗುವ ದಾರಿಯಾಗಿದೆ. ಸಂಪಾದನೆಗಾಗಿ ಹೋಗುವವರು ಬಹಳ. ಆದರೆ ದಾದಿಯಾಗಿ, ಉಪಾಧ್ಯಾಯನಾಗಿ, ನೀರಾವರಿ ತಿಳಿದವನಾಗಿ, ಸಂಬಳದ ಆಸೆಯಿಲ್ಲದೆ, ಊಟ ವಸತಿಗೆ ಸಾಲುವಷ್ಟು ಭತ್ಯೆಯನ್ನು ಮಾತ್ರ ಪಡೆದು ಅನ್ಯದೇಶದ ಬಡಜನರ ನಡುವೆ ಒಂದೆರಡು ವರ್ಷ ದುಡಿಯುವ ದಾರಿಯೂ ಉಂಟು. ಇಂದು ಬೆಂಚಿನ ಮೇಲೆ ಕುಳಿತಿರುವ ನಿಮ್ಮಲ್ಲಿ ಒಬ್ಬಿಬ್ಬರು ನಾಳೆ ಆ ದಾರಿಯನ್ನು ಹಿಡಿಯಬಹುದು. ಅಂಥವರು ಹೊರಡುವ ಮುನ್ನ ತಿಳಿದಿರಬೇಕಾದ ಒಂದು ಸಂಗತಿಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇಂಥ ಸೇವೆಗೆ ಇಂದು ವ್ಯವಸ್ಥಿತವಾದ ಸಂಸ್ಥೆಗಳಿವೆ. ಇಂಗ್ಲೆಂಡಿನಲ್ಲಿ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ ಡಿಕ್ಸನ್ ಅವರು 1958ರಲ್ಲಿ ತರುಣರನ್ನು ಹೊರದೇಶಗಳಿಗೆ ಸೇವೆಗೆ ಕಳುಹಿಸುವ ಸಂಸ್ಥೆಯೊಂದನ್ನು ಕಟ್ಟಿದರು, ಅದು ವಿ.ಎಸ್.ಓ. ಎಂದು ಪ್ರಸಿದ್ಧವಾಗಿದೆ. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರ ಆಜ್ಞೆಯಿಂದ ಪೀಸ್ ಕೋರ್ ಎಂಬ ಶಾಂತಿದಳ ಹುಟ್ಟಿತು. ಆ ದಳದ ತರುಣ ತರುಣಿಯರು 1961ರಿಂದ 1976ರವರೆಗೆ ಭಾರತದಲ್ಲಿಯೂ ಕೆಲಸ ಮಾಡಿದರು. ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಅವರಲ್ಲಿ ಕೆಲವರು ನೆಲೆಸಿದ್ದರು. ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ತನ್ನದೇ ಸ್ವಯಂಸೇವಕ ದಳಕ್ಕೆ ಒಪ್ಪಿಗೆಯಿತ್ತಿತು. 1971ರಲ್ಲಿ ಪ್ಯಾರಿಸ್ ನಗರದಲ್ಲಿ ಗಡಿಗಳಿಲ್ಲದ ವೈದ್ಯರ ಸಂಸ್ಥೆ ಸ್ಥಾಪನೆಯಾಯಿತು. ಅದಕ್ಕೆ 1999ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು.

ಈ ಸಂಸ್ಥೆಗಳ ನಿಬಂಧನೆಗಳನ್ನು ಓದಿದರೆ ಮೊದಲು ಅಚ್ಚರಿಯಾಗುತ್ತದೆ. ತ್ಯಾಗಕ್ಕೆಂದು ಹೊರಟವರಿಗೆ ರಜೆಯ ಲೆಕ್ಕವನ್ನು ಅವು ಕರಾರುವಾಕ್ಕಾಗಿ ಬರೆದಿಟ್ಟಿವೆ. ಶಾಂತಿದಳದ ಸ್ವಯಂಸೇವಕನಿಗೆ ಸೇವೆಯ ಪ್ರತಿ ತಿಂಗಳಿಗೆ 2 ದಿನದಂತೆ ವರ್ಷಕ್ಕೆ 24 ದಿನ ರಜೆ ಕೂಡುತ್ತದೆ. ವಿಶ್ವಸಂಸ್ಥೆಯ ಸ್ವಯಂಸೇವಕನಿಗೆ ತಿಂಗಳಿಗೆ ಎರಡೂವರೆ ದಿನದಂತೆ ವರ್ಷಕ್ಕೆ 30 ದಿನ. ಯುದ್ಧ, ಕ್ಷಾಮ, ರೋಗಗಳಿಂದ ತತ್ತರಿಸಿದ ಕಠಿಣ ನೆಲೆಗಳಲ್ಲಿ ಇದು ಸಾಲದೆಂದು ಮತ್ತೊಂದು ಏರ್ಪಾಡಿದೆ. ಅಲ್ಲಿನ ಕಷ್ಟದ ತೀವ್ರತೆಯನ್ನು ಅನುಸರಿಸಿ 4, 6, 8 ಅಥವಾ 12 ವಾರಗಳಿಗೊಮ್ಮೆ 5 ದಿನ, ಪ್ರಯಾಣದ ಕಾಲವನ್ನು ಬಿಟ್ಟು, ಆತನು ಚೇತರಿಕೆಗೆಂದು ಹೊರಗೆ ಹೋಗಬಹುದು. ಈ 5 ದಿನಗಳನ್ನು ಆ ನೆಲೆಯಲ್ಲಿಯೇ ಕಳೆಯುವಂತಿಲ್ಲ ಎಂಬುದು ಗಮನಾರ್ಹವಾದ ಅಂಶ. ಬಿಡಾರದ ಕಿಟಕಿಯಿಂದ ರೋಗಿಗಳ ಸಾಲು ಕಾಣುತ್ತಿರುವವರೆಗೆ ಮನಸ್ಸು ವಿಶ್ರಮಿಸದೆಂಬುದನ್ನು ನಿಯಮ ಮಾಡಿದವರು ಅನುಭವದಿಂದಲೇ ಅರಿತಿರಬೇಕು.

ಇದು ಸಂಸ್ಥೆಗಳ ಔದಾರ್ಯವಷ್ಟೇ ಅಲ್ಲ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಘೋಷಿಸಿದ ಮಾನವ ಹಕ್ಕುಗಳ ಪಟ್ಟಿಯಲ್ಲಿ 24ನೆಯದು ವಿಶ್ರಾಂತಿಯ ಮತ್ತು ಬಿಡುವಿನ ಹಕ್ಕು. ಅದಕ್ಕೂ ಮೊದಲು, 1921ರಲ್ಲಿಯೇ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೈಗಾರಿಕೆಯ ಕೆಲಸಗಾರರಿಗೆ ವಾರಕ್ಕೊಂದು ಇಡೀ ದಿನದ ವಿರಾಮವಿರಬೇಕೆಂದು ಒಡಂಬಡಿಕೆ ಮಾಡಿತು.

ಇಲ್ಲಿ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಗ್ರಹಿಸುವುದು ಒಳ್ಳೆಯದು. ರಜೆಯೆಂದರೆ ನಿಯಮವು ಕೊಡುವ ದಿನ. ಬಿಡುವೆಂದರೆ ಕೆಲಸದಿಂದ ಕೈ ತೆರವಾದ ಹೊತ್ತು. ವಿಶ್ರಾಂತಿಯೆಂದರೆ ಆ ಹೊತ್ತಿನಲ್ಲಿ ದೇಹಮನಸ್ಸುಗಳು ಮರಳಿ ಪಡೆಯುವ ಕಸುವು. ರಜೆಯಿದ್ದೂ ಬಿಡುವಿಲ್ಲದಿರಬಹುದು, ಬಿಡುವಿದ್ದೂ ವಿಶ್ರಾಂತಿಯಿಲ್ಲದಿರಬಹುದು. ದೂರದೇಶದ ಸ್ವಯಂಸೇವಕನ ತೊಂದರೆ ಬಹುಮಟ್ಟಿಗೆ ಇದೇ ಆಗಿದೆ. ಕಾಗದದ ಮೇಲೆ ರಜೆಯಿದೆ, ತೆಗೆದುಕೊಳ್ಳಲು ಮನಸ್ಸೊಪ್ಪುವುದಿಲ್ಲ.

ಏಕೆ ಒಪ್ಪುವುದಿಲ್ಲ? ಇದಕ್ಕೆ ನಾಲ್ಕು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಕೆಲಸಕ್ಕೆ ಕೊನೆಯೇ ಇಲ್ಲದಿರುವುದು. ಹೊಲದ ಕೆಲಸಕ್ಕೆ ಸುಗ್ಗಿಯೆಂಬ ಕೊನೆಯುಂಟು, ಕಚೇರಿಗೆ ಗಂಟೆಯುಂಟು. ಬಡತನಕ್ಕೂ ರೋಗಕ್ಕೂ ಸಂಜೆ ಐದು ಗಂಟೆಯೆಂಬುದಿಲ್ಲ. ಎರಡನೆಯದು, ಕೆಲಸದ ಸ್ಥಳವೇ ವಾಸದ ಸ್ಥಳವಾಗಿರುವುದು. ಆಸ್ಪತ್ರೆಯ ಆವರಣದಲ್ಲೋ ಶಾಲೆಯ ಹಿಂಬದಿಯ ಕೋಣೆಯಲ್ಲೋ ಇರುವವನ ಬಾಗಿಲನ್ನು ಯಾರು ಯಾವಾಗ ಬೇಕಾದರೂ ತಟ್ಟಬಹುದು. ಮೂರನೆಯದು ನಾಚಿಕೆ. ಸುತ್ತಲಿನ ಜನ ಬಿಡುವೆಂಬುದನ್ನೇ ಕಾಣದೆ ದುಡಿಯುತ್ತಿರುವಾಗ ತಾನೊಬ್ಬನು ಪೆಟ್ಟಿಗೆ ಹಿಡಿದು ಬಸ್ಸು ಹತ್ತುವುದು ದ್ರೋಹದಂತೆ ತೋರುತ್ತದೆ. ನಾಲ್ಕನೆಯದು, ತನ್ನವರು ಬಳಿಯಲ್ಲಿಲ್ಲದಿರುವುದು. ಊರಿನಲ್ಲಾದರೆ ಹೊತ್ತು ಮೀರಿ ದುಡಿಯುವ ಮಗನನ್ನು ತಾಯಿ ಗದರಿಸಿ ಊಟಕ್ಕೆಬ್ಬಿಸುತ್ತಾಳೆ. ಹಬ್ಬ, ಜಾತ್ರೆ, ನೆಂಟರ ಮನೆಯ ಶುಭಕಾರ್ಯ ಬೇಡವೆಂದರೂ ಕೆಲಸವನ್ನು ಬಿಡಿಸುತ್ತವೆ. ಪರದೇಶದಲ್ಲಿ ಹಾಗೆ ಕರೆಯುವವರಿಲ್ಲ. ಯುಗಾದಿಯೂ ಅಲ್ಲಿ ಇನ್ನೊಂದು ಕೆಲಸದ ದಿನವಷ್ಟೆ.

ಈ ನಾಲ್ಕೂ ಕೂಡಿದಾಗ ಏನಾಗುತ್ತದೆಂಬುದನ್ನು ವಿದ್ವಾಂಸರು ಪರಿಶೀಲಿಸಿದ್ದಾರೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕ್ ನಗರದಲ್ಲಿ ಹಗಲು ತಮ್ಮ ವೃತ್ತಿಯನ್ನು ನಡೆಸಿ, ರಾತ್ರಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವಕರಾಗಿ ದುಡಿಯುತ್ತಿದ್ದರು. ಅಲ್ಲಿನ ಸಹಸೇವಕರು ಕೆಲವು ಕಾಲದಲ್ಲಿಯೇ ಬತ್ತಿಹೋಗುವುದನ್ನೂ ತಾವೂ ಹಾಗೆಯೇ ಆಗುತ್ತಿರುವುದನ್ನೂ ಕಂಡರು. ಈ ಸ್ಥಿತಿಗೆ ಬರ್ನ್ ಔಟ್ ಎಂಬ ಮಾತನ್ನು ಬಳಸಿ 1974ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಉರಿದುಹೋಗುವುದೆಂದು ನಾವು ಅದನ್ನು ತಿಳಿಯಬಹುದು. ಇಂದು ಕಚೇರಿಗಳಲ್ಲೂ ಕಾರ್ಖಾನೆಗಳಲ್ಲೂ ಕೇಳಿಬರುವ ಈ ಪದವನ್ನು ವಿದ್ವತ್ ಲೋಕ ಸ್ವಯಂಸೇವಕರ ನಡುವಿನಿಂದಲೇ ಪಡೆಯಿತೆಂಬುದು ಚಿಂತನೆಗೆ ಅರ್ಹವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಕಸುವು ಬತ್ತಿದ ದಣಿವು, ಕೆಲಸದ ಬಗೆಗೆ ಜುಗುಪ್ಸೆ ಅಥವಾ ಮನಸ್ಸಿನ ದೂರ, ಮಾಡುವ ಕೆಲಸದ ಸಾಮರ್ಥ್ಯ ಕುಗ್ಗುವುದು. ಇವುಗಳಲ್ಲಿ ಎರಡನೆಯದೇ ಅತ್ಯಂತ ದುಃಖಕರವಾದುದು. ಯಾರ ಮೇಲಿನ ಕರುಣೆಯಿಂದ ಸಾಗರ ದಾಟಿ ಬಂದನೋ ಅವರ ಮೇಲೆಯೇ ಸೇವಕನು ಸಿಡುಕಲಾರಂಭಿಸುತ್ತಾನೆ. ಅವನ ದಣಿವಿಗೆ ದಂಡ ತೆರುವವರು ಅವನು ಸೇವೆ ಮಾಡಬಂದ ಜನವೇ. ನಿದ್ದೆಗೆಟ್ಟ ದಾದಿಯ ಕೈಯಲ್ಲಿ ಔಷಧಿಯ ಅಳತೆ ತಪ್ಪಬಹುದು. ದಣಿದ ಉಪಾಧ್ಯಾಯನ ಬಾಯಲ್ಲಿ ಮಗುವಿನ ಮನಸ್ಸು ಮುರಿಯುವ ಮಾತು ಬರಬಹುದು.

ದೂರದೇಶದ ಸೇವೆಗೆ ತನ್ನನ್ನೇ ಸಮರ್ಪಿಸಿಕೊಂಡ ಭಾರತೀಯರಲ್ಲಿ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್ ಅವರ ಹೆಸರು ಚಿರಸ್ಮರಣೀಯವಾದುದು. ಅವರು 1910ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಮರಾಠಿಯೊಡನೆ ಕನ್ನಡವೂ ಮನೆಮಾತಾಗಿ ಉಳಿದಿರುವ, ಶಿವಯೋಗಿ ಸಿದ್ಧರಾಮರು ಜನರಿಗಾಗಿ ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಆ ಊರು. ಜಪಾನಿನ ದಾಳಿಗೆ ಸಿಕ್ಕಿದ ಚೀನಾದ ನೆರವಿಗೆಂದು 1938ರಲ್ಲಿ ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳುಹಿಸಿತು. ಡಾಕ್ಟರ್ ಅಟಲ್ ಅವರು ಅದರ ನಾಯಕರು. ಚೋಳ್ಕರ್, ಬಸು, ಮುಖರ್ಜಿ ಮತ್ತು ಕೋಟ್ನೀಸ್ ಉಳಿದವರು. ಇತರರು ಒಬ್ಬೊಬ್ಬರಾಗಿ ತಾಯ್ನಾಡಿಗೆ ಮರಳಿದರು. ಕೋಟ್ನೀಸ್ ಮಾತ್ರ ಅಲ್ಲಿಯೇ ನಿಂತರು. ಗಾಯಾಳುಗಳ ಸಂಖ್ಯೆ ಉಕ್ಕೇರಿದ 1940ರ ಕದನದ ದಿನಗಳಲ್ಲಿ ಅವರು 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಎಡೆಬಿಡದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಅವರ ಚರಿತ್ರೆಯಲ್ಲಿ ಹೇಳಲಾಗಿದೆ. ಮುಂದೆ, ಚೀನಾದಲ್ಲಿಯೇ ಸೇವೆಯಲ್ಲಿದ್ದು ಮಡಿದ ಕೆನಡಾದ ವೈದ್ಯ ನಾರ್ಮನ್ ಬೆಥೂನ್ ಅವರ ಹೆಸರಿನ ಆಸ್ಪತ್ರೆಗೆ ಕೋಟ್ನೀಸರು ನಿರ್ದೇಶಕರಾದರು. ದೇಹ ಜರ್ಜರಿತವಾಯಿತು, ಅಪಸ್ಮಾರದ ಬಾಧೆ ಕಾಣಿಸಿಕೊಂಡಿತು. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಪತ್ನಿ ಗುವೊ ಚಿಂಗ್‌ಲಾನ್ ಅವರನ್ನೂ ಕೆಲವೇ ತಿಂಗಳ ಹಸುಗೂಸನ್ನೂ ಬಿಟ್ಟು ಅವರು ತೀರಿಕೊಂಡರು.

ಈ ತ್ಯಾಗಕ್ಕೆ ತಲೆಬಾಗದವರು ಯಾರು? ಯುದ್ಧದ ನಡುವೆ ರಕ್ತ ಸುರಿಯುತ್ತಿರುವ ಯೋಧನನ್ನು ಬಿಟ್ಟು ವೈದ್ಯನು ಮಲಗಲಾರನು. ಅಂಥ 72 ಗಂಟೆಗಳು ಒಬ್ಬನ ಬಾಳಿನಲ್ಲಿ ಬಂದಾಗ ಅವನ್ನು ಎದುರಿಸುವುದೇ ಧರ್ಮ. ಆದರೆ ಅಪವಾದವನ್ನು ನಿತ್ಯದ ನಿಯಮವನ್ನಾಗಿ ಮಾಡಿಕೊಳ್ಳಲಾಗದು. ಯುದ್ಧವಿಲ್ಲದ ಊರಿನಲ್ಲಿ, ಪ್ರತಿದಿನವನ್ನೂ ಕದನದ ದಿನವೆಂದೇ ಭಾವಿಸಿ ದುಡಿಯುವ ತರುಣನು ಕೋಟ್ನೀಸರನ್ನು ಅನುಸರಿಸಿದಂತಾಗುವುದಿಲ್ಲ. ಆ ಮಹನೀಯರ ಬಾಳು ನಮಗೆ ಎರಡು ಪಾಠಗಳನ್ನು ಕಲಿಸುತ್ತದೆ: ಸೇವೆ ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದು ಒಂದು, 32 ವರ್ಷಕ್ಕೆ ಮುಗಿದ ಬಾಳು ಇನ್ನೂ 30 ವರ್ಷ ನಡೆದಿದ್ದರೆ ಎಷ್ಟು ಜನರಿಗೆ ಆಸರೆಯಾಗುತ್ತಿತ್ತೆಂಬ ಕೊರಗು ಮತ್ತೊಂದು.

ಇನ್ನೊಂದು ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಗಾಂಧೀಜಿಯವರು ತಮ್ಮ ತಾರುಣ್ಯದಲ್ಲಿ ಪರದೇಶದಲ್ಲಿ ಸ್ವಯಂಸೇವಕರಾಗಿದ್ದವರು. 1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಮೊದಲಾದಾಗ ಅವರು ಅಲ್ಲಿನ ಭಾರತೀಯರ ಶುಶ್ರೂಷಾ ದಳವನ್ನು ಕಟ್ಟಿದರು. ಸುಮಾರು 1,100 ಮಂದಿಯ ಆ ದಳದಲ್ಲಿ ಬಹುಪಾಲು ಜನ ಕರಾರಿನ ಕೂಲಿಗಾರರು. ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ದಿನಕ್ಕೆ 20ರಿಂದ 25 ಮೈಲಿ ನಡೆದ ದಿನಗಳೂ ಉಂಟು. ಆ ದಳದ ಸೇವೆ ಆರು ವಾರಗಳಲ್ಲಿ ಮುಗಿಯಿತು. ಮತ್ತೆ 1914ರಲ್ಲಿ, ಮೊದಲ ಮಹಾಯುದ್ಧ ಆರಂಭವಾದಾಗ, ಲಂಡನ್ನಿನಲ್ಲಿದ್ದ ಭಾರತೀಯರನ್ನು ಕೂಡಿಸಿ ಅಂಥದೇ ದಳವನ್ನು ಸಿದ್ಧಗೊಳಿಸಿದರು. ಆದರೆ ಈ ಸಲ ಶ್ವಾಸಕೋಶದ ಹೊರಪೊರೆಯ ಉರಿಯೂತ ಅವರನ್ನು ಹಾಸಿಗೆ ಹಿಡಿಸಿತು. ಹಠ ಹಿಡಿದು ಅಲ್ಲಿಯೇ ಉಳಿಯದೆ ಅವರು ಡಿಸೆಂಬರಿನಲ್ಲಿ ಹಡಗು ಹತ್ತಿ, 1915ರ ಜನವರಿ 9ರಂದು ಮುಂಬಯಿಯಲ್ಲಿ ಇಳಿದರು. ಹಿಂದಿರುಗುವುದೂ ಸೇವಕನ ಕರ್ತವ್ಯಗಳಲ್ಲೊಂದು ಎಂಬುದು ಇಲ್ಲಿ ವಿದಿತವಾಗುತ್ತದೆ.

ಮುಂದೆ 1927ರ ಮಾರ್ಚ್ ತಿಂಗಳಲ್ಲಿ, ಖಾದಿಯ ಪ್ರಚಾರಕ್ಕಾಗಿ ಎಡೆಬಿಡದೆ ಸಂಚರಿಸುತ್ತಿದ್ದಾಗ, ಅವರ ಆರೋಗ್ಯ ಒಮ್ಮೆಲೇ ಕುಸಿಯಿತು. ರಕ್ತದೊತ್ತಡ ಏರಿತ್ತು, ವೈದ್ಯರು ಸಂಪೂರ್ಣ ವಿಶ್ರಾಂತಿಯನ್ನು ವಿಧಿಸಿದರು. ಏಪ್ರಿಲ್ ತಿಂಗಳಲ್ಲಿ ಅವರನ್ನು ಕರೆತಂದದ್ದು ನಮ್ಮ ನಂದಗುಡಿಗೆ ವಾಯವ್ಯದಲ್ಲಿರುವ ನಂದಿಬೆಟ್ಟಕ್ಕೆ. ಅಲ್ಲಿನ ತಂಪಿನಲ್ಲಿ ಅವರು ಸುಮಾರು ಒಂದೂವರೆ ತಿಂಗಳಿದ್ದರು. ಬಳಿಕ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ತಂಗಿದರು. ಚೇತರಿಸಿಕೊಂಡ ಮೇಲೆ ಜುಲೈ ತಿಂಗಳಲ್ಲಿ ಬೆಂಗಳೂರಿನ ಖಾದಿ ಪ್ರದರ್ಶನದಲ್ಲಿ ಭಾಗವಹಿಸಿ, ಮೈಸೂರು ಸಂಸ್ಥಾನದಲ್ಲಿ ಪ್ರವಾಸ ಮಾಡಿದರು. 1936ರ ಮೇ ತಿಂಗಳಲ್ಲಿಯೂ ವಿಶ್ರಾಂತಿಗೆಂದು ಇದೇ ಬೆಟ್ಟಕ್ಕೆ ಬಂದರು. ಭಾನುವಾರ ನಂದಿಬೆಟ್ಟಕ್ಕೆ ವಿಹಾರ ಹೋಗುವ ನಾವು ಈ ಸಂಗತಿಯನ್ನು ನೆನೆಯುವುದು ಅಪರೂಪ. 1927ರಲ್ಲಿ ನಿಲ್ಲದೆ ಓಡಿದ್ದರೆ, 1930ರಲ್ಲಿ 60 ವರ್ಷದ ಆ ಶರೀರ 24 ದಿನಗಳಲ್ಲಿ ಸುಮಾರು 240 ಮೈಲಿ ನಡೆದು ದಂಡಿಯನ್ನು ಮುಟ್ಟುವುದು ಸಾಧ್ಯವಾಗುತ್ತಿತ್ತೇ? ಆ ಐತಿಹಾಸಿಕ ಯಾತ್ರೆಯಲ್ಲಿಯೂ ಸೋಮವಾರಗಳಂದು ನಡಿಗೆಯಿರಲಿಲ್ಲ. ಅದು ಅವರ ಮೌನದ ದಿನ, ಯಾತ್ರಿಕರ ವಿಶ್ರಾಂತಿಯ ದಿನ. ಇಡೀ ದೇಶ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗಲೂ ವಾರದ ಬಿಡುವನ್ನು ಅವರು ಬಿಟ್ಟುಕೊಡಲಿಲ್ಲ.

ಸೋಮವಾರವೆಂದೊಡನೆ ನಮ್ಮ ರೈತರ ಒಂದು ನಡವಳಿಕೆ ನೆನಪಾಗದಿರದು. ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅದು ಬಸವನ ವಾರ. ಮಳೆ ಬಿದ್ದು ಹದ ತಪ್ಪುವಂತಿದ್ದರೂ ಆ ದಿನ ಆರು ಕಟ್ಟಲು ಹಿರಿಯರು ಒಪ್ಪುತ್ತಿರಲಿಲ್ಲ. ಮೂಕಪ್ರಾಣಿ ತಾನಾಗಿ ರಜೆ ಕೇಳಲಾರದು, ಆದ್ದರಿಂದ ಸಂಪ್ರದಾಯವೇ ಅದಕ್ಕೆ ರಜೆ ಕೊಟ್ಟಿತು. ಸ್ವಯಂಸೇವಕನೂ ಈ ವಿಷಯದಲ್ಲಿ ಮೂಕನೇ. ನಾಚಿಕೆ ಅವನ ಬಾಯಿ ಕಟ್ಟಿರುತ್ತದೆ. ಸಂಸ್ಥೆಗಳು ರಜೆಯನ್ನು ನಿಯಮವನ್ನಾಗಿ ಮಾಡಿರುವುದರ ಮರ್ಮ ಇದೇ.

ನಮ್ಮ ಸೀಮೆಯ ರೇಷ್ಮೆ ಹುಳುವಿನ ಪಾಠವೂ ಇದೇ ಬಗೆಯದು. ಹುಳು ಮನೆಯುಳ್ಳ ವಿದ್ಯಾರ್ಥಿಗಳಿಗೆ ಇದನ್ನು ಹೇಳಬೇಕಾದುದಿಲ್ಲ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಹುಳು ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತದೆ. ಆದರೆ ನಾಲ್ಕು ಸಲ ಅದು ಜ್ವರಕ್ಕೆ ಕೂರುತ್ತದೆ. ತಲೆಯೆತ್ತಿ ಅಲುಗಾಡದೆ ಒಂದು ದಿನದಷ್ಟು ಕಾಲ ನಿಂತು, ಹಳೆಯ ಪೊರೆಯನ್ನು ಕಳಚಿ, ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ. ಆ ಹೊತ್ತಿನಲ್ಲಿ ಅನುಭವಸ್ಥನು ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಅಲುಗಿಸುವುದಿಲ್ಲ. ಹುಳು ಸೋಮಾರಿಯಾಗಿದೆಯೆಂದು ಯಾರಾದರೂ ಜರೆದಾರೆಯೇ? ನಾಲ್ಕು ಜ್ವರಗಳು ಸರಿಯಾಗಿ ಆಗದ ಹುಳು ಚಂದ್ರಿಕೆಗೆ ಏರುವುದೂ ಇಲ್ಲ, ನೂಲು ಬಿಡುವುದೂ ಇಲ್ಲ.

ಕಾಯಕವನ್ನು ಎತ್ತಿಹಿಡಿದ ಶರಣರ ಪರಂಪರೆಗೆ ಈ ಮಾತು ವಿರುದ್ಧವಲ್ಲವೇ ಎಂಬ ಸಂದೇಹ ಬರಬಹುದು. ಆಯ್ದಕ್ಕಿ ಲಕ್ಕಮ್ಮನ ಕಥೆಯೇ ಇದಕ್ಕೆ ಉತ್ತರ. ಪತಿ ಮಾರಯ್ಯನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳು ಆಕೆ. ಅದೇ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದವಳೂ ಆಕೆಯೇ. ಕಡಿಮೆಯೂ ತಪ್ಪು, ಅತಿಯೂ ತಪ್ಪು. ಧನದಲ್ಲಿ ಅತಿಯಾಸೆಯಿರುವಂತೆ ಸೇವೆಯಲ್ಲಿಯೂ ಅತಿಯಾಸೆಯುಂಟು. ಎಲ್ಲವೂ ನನ್ನಿಂದಲೇ ಆಗಬೇಕು, ನಾನಿಲ್ಲದಿದ್ದರೆ ಏನೂ ನಡೆಯದು ಎಂಬ ಭಾವವು ಮೇಲ್ನೋಟಕ್ಕೆ ತ್ಯಾಗದಂತೆ ಕಂಡರೂ ಒಳಗೆ ಅಹಂಕಾರವೇ ಆಗಿರುತ್ತದೆ.

ಹಾಗಾದರೆ ದೂರದೇಶದಲ್ಲಿ ಬಿಡುವನ್ನು ಹೇಗೆ ಸಾಧಿಸಬೇಕು? ಹೊರಡುವ ಮೊದಲೇ ಒಪ್ಪಂದದ ಕಾಗದವನ್ನು ಓದಿ, ವಾರದ ರಜೆ ಯಾವುದು, ವರ್ಷದ ರಜೆಯೆಷ್ಟು, ಕಾಯಿಲೆಯಾದರೆ ಊರಿಗೆ ಕಳುಹಿಸುವ ಹೊಣೆ ಯಾರದು ಎಂಬುದನ್ನು ತಿಳಿದುಕೊಳ್ಳುವುದು ಮೊದಲ ಹೆಜ್ಜೆ. ಇದನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ರಜೆಯ ನಿಯಮವನ್ನು ಹೇಳಲು ಅನುಮಾನಿಸುವ ಸಂಸ್ಥೆಗೆ ಸೇವಕನನ್ನು ಕಾಪಾಡುವ ವಿಚಾರವೂ ಇರಲಾರದು. ಕೆಲವು ಸಂಸ್ಥೆಗಳಲ್ಲಿ ಆರಂಭದ ಮತ್ತು ಕೊನೆಯ ತಿಂಗಳುಗಳಲ್ಲಿ ರಜೆ ಸಿಗುವುದಿಲ್ಲ. ಶಾಂತಿದಳದಲ್ಲಿ ಮೊದಲ ಮೂರು ಮತ್ತು ಕಡೆಯ ಮೂರು ತಿಂಗಳು ಹೀಗಿರುತ್ತವೆ. ಇಂಥದನ್ನು ಮೊದಲೇ ತಿಳಿದವನು ಮನಸ್ಸನ್ನು ಹದಗೊಳಿಸಿಕೊಂಡು ಹೋಗುತ್ತಾನೆ.

ಎರಡನೆಯ ಹೆಜ್ಜೆ, ಆ ನೆಲದ ಬಿಡುವಿನ ದಿನವನ್ನೇ ತನ್ನದನ್ನಾಗಿ ಮಾಡಿಕೊಳ್ಳುವುದು. ನೇಪಾಳದಲ್ಲಿ ಶನಿವಾರ, ಬಾಂಗ್ಲಾದೇಶದಲ್ಲಿ ಶುಕ್ರವಾರ, ಆಫ್ರಿಕದ ಕ್ರೈಸ್ತ ಪ್ರಾಂತಗಳಲ್ಲಿ ಭಾನುವಾರ ಜನ ಕೆಲಸ ಬಿಟ್ಟು ಕೂಡುತ್ತಾರೆ. ಊರೆಲ್ಲ ವಿಶ್ರಮಿಸುವ ದಿನ ತಾನೂ ವಿಶ್ರಮಿಸಿದರೆ ನಾಚಿಕೆಗೆ ಎಡೆಯಿಲ್ಲ. ಅಂದು ನೆರೆಯವರ ಜಗಲಿಯಲ್ಲಿ ಕುಳಿತು ಅವರ ಹಾಡು ಹರಟೆಗಳನ್ನು ಕೇಳುವವನಿಗೆ, ಆರು ದಿನಗಳ ಕೆಲಸದಲ್ಲಿ ಅರ್ಥವಾಗದ ಜನರ ಮನಸ್ಸು ಅರ್ಥವಾಗುತ್ತದೆ. ಸಹಾಯ ಕೊಡುವವನಾಗಿ ಬಂದವನು ಅಂದು ಅತಿಥಿಯಾಗಿ ಅವರಿಂದ ಪಡೆಯುವವನಾಗುತ್ತಾನೆ. ಈ ಅದಲುಬದಲು ಇಬ್ಬರಿಗೂ ಹಿತಕರವಾದುದು.

ಮೂರನೆಯದಾಗಿ, ದಿನದಲ್ಲಿ ಒಂದು ಗಳಿಗೆಯಾದರೂ ತನ್ನ ಭಾಷೆಗೆ ಮೀಸಲಾಗಬೇಕು. ಅನ್ಯಭಾಷೆಯಲ್ಲಿ ಹಗಲೆಲ್ಲ ಯೋಚಿಸಿ ಮಾತನಾಡುವುದೇ ಒಂದು ದುಡಿಮೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ಅವರು 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಶಾಂತಿದಳದ ದಾದಿಯಾಗಿ ಮುಂಬಯಿಯ ಬಳಿಯ ವಿಕ್ರೋಲಿಗೆ ಬಂದು ಸುಮಾರು ಎರಡು ವರ್ಷ ಸೇವೆ ಸಲ್ಲಿಸಿದರು. ಅಲ್ಲಿಂದ ಮನೆಯವರಿಗೆ ಬರೆದ ಅವರ ಕಾಗದಗಳು 1977ರಲ್ಲಿ ಪುಸ್ತಕವಾಗಿ ಬಂದವು. ಸ್ವಭಾಷೆಯಲ್ಲಿ ಸ್ವಜನರಿಗೆ ಮನಸ್ಸು ತೋಡಿಕೊಳ್ಳುವುದಕ್ಕಿಂತ ಸುಲಭವಾದ ವಿಶ್ರಾಂತಿ ದೂರದಲ್ಲಿರುವವರಿಗೆ ಬೇರೊಂದಿಲ್ಲ. ಇಂದು ಕಾಗದದ ಸ್ಥಾನವನ್ನು ಮೊಬೈಲು ಪಡೆದಿದೆ. ಆದರೆ ಅದರಲ್ಲಿ ಎರಡು ತೊಡಕುಗಳಿವೆ. ನೈರೋಬಿಯಲ್ಲಿ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಕುಳಿತರೆ ನಂದಗುಡಿಯಲ್ಲಿ ಹತ್ತೂವರೆಯಾಗಿ ತಂದೆತಾಯಿಯರು ಮಲಗಿರುತ್ತಾರೆ. ಮಾತಿನ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮನೆಯವರ ಮಾತನ್ನು ತರುವ ಆ ಯಂತ್ರವೇ ಕೆಲಸದ ಕರೆಗಳನ್ನೂ ಮಲಗುವ ಕೋಣೆಗೆ ತರುತ್ತದೆ. ರಜೆಯ ದಿನ ಅದರ ಬಾಯಿ ಕಟ್ಟುವುದನ್ನು ಕಲಿಯಬೇಕು.

ಸಮೀಪದ ಪಟ್ಟಣದಲ್ಲಿ ಕನ್ನಡದ ಮನೆಯೊಂದಿದ್ದರೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ. ಕ್ಯಾಲಿಫೋರ್ನಿಯದ ಉತ್ತರ ಭಾಗದಲ್ಲಿ 1973ರಲ್ಲಿ, ಸಿಂಗಪುರದಲ್ಲಿ 1996ರಲ್ಲಿ, ಹೀಗೆ ಹಲವು ದೇಶಗಳಲ್ಲಿ ಕನ್ನಡಿಗರು ಕೂಟಗಳನ್ನು ಕಟ್ಟಿಕೊಂಡಿದ್ದಾರೆ. ಹಬ್ಬದ ದಿನ ಅಲ್ಲಿ ಸಿಗುವ ಒಂದು ಹೋಳಿಗೆ, ನಾಲ್ಕು ಮಾತು, ದಣಿದ ಜೀವಕ್ಕೆ ತಿಂಗಳ ಬಲವನ್ನು ಕೊಟ್ಟಾವು. ಆ ಕೂಟಗಳನ್ನು ನಡೆಸುವವರೂ, ಶನಿವಾರ ಭಾನುವಾರ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವವರೂ ವಾರವೆಲ್ಲ ದುಡಿದು ತಮ್ಮ ಬಿಡುವನ್ನೇ ದಾನ ಮಾಡುವವರೆಂಬುದನ್ನು ಮರೆಯಬಾರದು. ಅವರೂ ಸರದಿಯಂತೆ ಹೊಣೆಯನ್ನು ಹಂಚಿಕೊಳ್ಳದಿದ್ದರೆ ಕೂಟಗಳು ಒಂದಿಬ್ಬರ ದಣಿವಿನೊಡನೆ ಮುಗಿದುಹೋದಾವು.

ಉಳಿದ ರಜೆಯನ್ನು ಒಟ್ಟಿಗೆ ಕೂಡಿಟ್ಟು ಕೊನೆಗೆ ದೇಶ ಸುತ್ತುವ ಯೋಚನೆ ತರುಣರಲ್ಲಿ ಸಾಮಾನ್ಯ. ಹತ್ತು ದಿನದಲ್ಲಿ ಹತ್ತು ಊರು ನೋಡಿ ಬಂದವನು ಮತ್ತಷ್ಟು ದಣಿದು ಬರುತ್ತಾನೆ. ಎರಡು ಮೂರು ತಿಂಗಳಿಗೊಮ್ಮೆ ನಾಲ್ಕೈದು ದಿನ, ಕೆಲಸದ ಊರಿನಿಂದ ಹೊರಗೆ, ಒಂದೇ ಕಡೆ ತಂಗುವುದು ಲೇಸು. ಸೇವೆ ಮುಗಿಸಿ ತಾಯ್ನಾಡಿಗೆ ಬಂದ ಮೇಲೂ ಕೆಲವು ವಾರ ಬೇಕು. ಊರಿಗೆ ಬಂದ ಮರುದಿನವೇ ಸನ್ಮಾನ, ಭಾಷಣಗಳಿಗೆ ಅವನನ್ನು ಎಳೆಯದಿರುವ ಔಚಿತ್ಯವನ್ನು ನಾವೂ ತೋರಬೇಕು.

ಕಡೆಯದಾಗಿ ಹೇಳಬೇಕಾದ ಮಾತೇ ಮುಖ್ಯವಾದುದು. ಸೇವಕನು ರಜೆಯ ಮೇಲೆ ಹೋಗಬೇಕಾದರೆ ತನ್ನ ಕೆಲಸವನ್ನು ಸ್ಥಳೀಯನೊಬ್ಬನಿಗೆ ಒಪ್ಪಿಸಬೇಕಾಗುತ್ತದೆ. ಒಪ್ಪಿಸಬೇಕಾದರೆ ಕಲಿಸಬೇಕಾಗುತ್ತದೆ. ಔಷಧಿಯ ಕಪಾಟಿನ ಬೀಗದ ಕೈ, ದಾಖಲೆಯ ಪುಸ್ತಕ, ನೀರೆತ್ತುವ ಪಂಪಿನ ಮರ್ಮ, ಎಲ್ಲವನ್ನೂ ಇನ್ನೊಂದು ಕೈಗೆ ಕೊಟ್ಟು ಐದು ದಿನ ದೂರವಿದ್ದು ಮರಳಿದಾಗ ಅವನಿಗೆ ಸತ್ಯ ಗೋಚರಿಸುತ್ತದೆ. ಕೆಲಸ ನಡೆದಿದ್ದರೆ ಅವನ ಸೇವೆ ಬೇರೂರುತ್ತಿದೆಯೆಂದು ಅರ್ಥ. ನಿಂತುಹೋಗಿದ್ದರೆ, ಇನ್ನೇನನ್ನು ಕಲಿಸಬೇಕೆಂಬುದು ತಿಳಿಯುತ್ತದೆ. ಎರಡು ವರ್ಷಗಳಾದ ಮೇಲೆ ಅವನು ಹೇಗೂ ಶಾಶ್ವತವಾಗಿ ಹೊರಡಲೇಬೇಕಷ್ಟೆ. ಆ ದೊಡ್ಡ ಅಗಲಿಕೆಗೆ ಈ ಸಣ್ಣ ರಜೆಗಳೇ ಪರೀಕ್ಷೆಗಳು. ಒಂದು ದಿನವೂ ರಜೆ ಪಡೆಯದೆ ದುಡಿದವನು ಹೊರಟ ದಿನ ಎಲ್ಲವೂ ನಿಂತುಹೋದರೆ, ಅವನು ಆ ಊರಿಗೆ ಬಿಟ್ಟುಹೋದದ್ದು ತನ್ನ ನೆನಪನ್ನು ಮಾತ್ರ. ಬಿಡುವು ಸೇವೆಯಿಂದ ಕಳೆದ ಕಾಲವಲ್ಲ, ಸೇವೆಯದೇ ಒಂದು ಅಂಗ ಎಂದು ಹೇಳುವುದು ಈ ಅರ್ಥದಲ್ಲಿ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಯಾರಾದರೂ ಸಾಗರದಾಚೆಯ ಊರೊಂದರಲ್ಲಿ ಬಡಿಸುವವರ ಸಾಲಿನಲ್ಲಿ ನಿಂತಾಗ, ಮೊದಲು ಇತರರ ಎಲೆಗಳನ್ನು ನೋಡಿರಿ. ಅದು ನಿಮ್ಮ ಹಿರಿಯರು ಕಲಿಸಿದ ಪಾಠ. ಆದರೆ ಕಡೆಯ ಪಂಕ್ತಿಯಲ್ಲಿ ನಿಮಗೂ ಒಂದು ಎಲೆಯುಂಟು. ಅಲ್ಲಿ ಕುಳಿತುಕೊಳ್ಳಲು ನಾಚಬೇಡಿರಿ. ಮರುದಿನವೂ ಬಡಿಸಬೇಕಾದವರು ನೀವೇ.